ತೋಡದೆ ಬಿಟ್ಟ ಅರ್ತ್ ಗುಂಡಿ

ಆ ಮನೆಯ ವಾಷಿಂಗ್ ಮಷಿನ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಮೊದಲು ಹೇಳಿದವಳು ಅಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಹದಿನೈದು ದಿನ ಅವಳ ಮಾತನ್ನು ಯಾರೂ ನಂಬಲಿಲ್ಲ. ಮನೆಯವರು ಮುಟ್ಟಿ ನೋಡಿದರೆ ಏನೂ ಆಗುತ್ತಿರಲಿಲ್ಲ. ಅವರೆಲ್ಲರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಅವಳು ಮಾತ್ರ ಬರಿಗಾಲಿನಲ್ಲಿ ಒದ್ದೆ ಸಿಮೆಂಟಿನ ಮೇಲೆ ನಿಲ್ಲುತ್ತಿದ್ದಳು.

ಶಿರ್ವದ ಆ ಮನೆಯಿಂದ ಕಾಪುವಿನ ನನ್ನ ಎಲೆಕ್ಟ್ರಿಕಲ್ ಅಂಗಡಿಗೆ ಫೋನ್ ಬಂದಾಗ ಮಳೆಗಾಲ ಹಿಡಿದು ಒಂದು ವಾರವಾಗಿತ್ತು. ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷ. ಮನೆಯ ಯಜಮಾನಿ ಮಾತಾಡಿದ್ದು. ಗಂಡ ಕುವೈಟಿನಲ್ಲಿ, ಇಬ್ಬರು ಮಕ್ಕಳು ಶಾಲೆಯಲ್ಲಿ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನಾನೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದೆ.

"ಒಮ್ಮೆ ಬಂದು ಮಷಿನ್ ನೋಡಿ ಹೋಗಿ ಮಾರಾಯ್ರೆ. ಇವಳಿಗೆ ಬಟ್ಟೆ ಒಗೆಯಲಿಕ್ಕೆ ಉದಾಸೀನ, ಅದಕ್ಕೆ ಶಾಕ್ ಅಂತ ನಾಟಕ ಮಾಡ್ತಾಳೆ. ನೀವು ಏನೂ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕು."

ಗೇಟು ದಾಟುತ್ತಿದ್ದ ಹಾಗೆ ನನಗೆ ಮನೆಯ ಗುರುತು ಹತ್ತಿತು. ಮುಂದೆ ಹೆಂಚಿನ ಹಳೆಯ ಭಾಗ, ಹಿಂದೆ ಆಮೇಲೆ ಸೇರಿಸಿದ ತಾರಸಿಯ ನಾಲ್ಕು ಕೋಣೆ. ಆ ನಾಲ್ಕು ಕೋಣೆಗಳಿಗೆ ವೈರಿಂಗ್ ಮಾಡುವಾಗ ನನಗೆ ಇಪ್ಪತ್ತಮೂರು ವರ್ಷ. ಉಡುಪಿಯ ಒಬ್ಬ ಮೇಸ್ತ್ರಿಯ ಕೈಕೆಳಗೆ ಇದ್ದೆ. ಆಗ ಮನೆ ನಡೆಸುತ್ತಿದ್ದವರು ಬಾಯಿಯ ಮಾವ. ಬಾಯಿ ಮದುವೆಯಾಗಿ ಬಂದದ್ದು ಆಮೇಲೆ. ಹಾಗಾಗಿ ಅವರಿಗೆ ನನ್ನ ಗುರುತಿರಲಿಲ್ಲ. ನಾನೂ ಹೇಳಲಿಲ್ಲ. ಹೇಳುವ ಕಾರಣ ಆಗ ಏನೂ ಇರಲಿಲ್ಲ.

ಹಿಂಬದಿಯ ಜಗಲಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಮಷಿನ್ ಇತ್ತು. ಕೆಲಸದ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ದೂರ ನಿಂತಿದ್ದಳು. ಬಾಗಲಕೋಟೆ ಕಡೆಯವಳು. ಅವಳ ಗಂಡ ಇಲ್ಲೇ ಸುತ್ತಮುತ್ತ ಪಾಯ ಅಗೆಯುವ ಕೂಲಿ ಮಾಡುತ್ತಿದ್ದ.

"ಯಾವಾಗ ಶಾಕ್ ಹೊಡೀತದೆ?" ಎಂದು ಕೇಳಿದೆ.

"ಯಾವಾಗ್ಲೂ ಇಲ್ರಿ. ಬಾವಿ ಪಂಪ್ ಹಚ್ಚಿದ್ರ, ಇಲ್ಲಾ ಬಚ್ಚಲದಾಗ ಬಿಸಿನೀರಿಂದು ಹಚ್ಚಿದ್ರ. ಆಗ ಮುಟ್ಟಿದ್ರ ಮೊಳಕೈತನ ಜಗ್ತೈತಿ. ದೀಪಾನೂ ಸಣ್ಣ ಆಕ್ಕಾವ."

ಎಲೆಕ್ಟ್ರಿಷಿಯನ್ನನಿಗೂ ಇಷ್ಟು ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಪಂಪ್ ಹಾಕಿಸಿ ಮೀಟರಿನ ಒಂದು ಕಡ್ಡಿಯನ್ನು ಮಷಿನ್ನಿನ ತಗಡಿಗೂ ಇನ್ನೊಂದನ್ನು ಒದ್ದೆ ನೆಲಕ್ಕೂ ಹಿಡಿದೆ. ನಲವತ್ತೆಂಟು ವೋಲ್ಟ್. ಪಂಪ್ ಆರಿಸಿದರೆ ಎರಡು. ಜಗಲಿಯ ಬಲ್ಬು ಪಂಪಿನ ಜತೆ ಮಂಕಾಗಿ, ಪಂಪ್ ನಿಂತೊಡನೆ ಬೆಳಗಿತು.

"ಇವಳು ಹೇಳಿದ್ದು ಸರಿ ಬಾಯಿ," ಎಂದೆ. ಬಾಯಿ ಹೆಂಗಸಿನ ಮುಖ ನೋಡಲಿಲ್ಲ. "ಹಾಗಾದ್ರೆ ಬೇಗ ಸರಿ ಮಾಡಿ," ಎಂದು ಒಳಗೆ ಹೋದರು.

ಮೇನ್ ಬಿಚ್ಚಿದರೆ ಕಾರಣ ಎದುರಿಗೇ ಇತ್ತು. ಕರೆಂಟ್ ಫೇಸ್ ತಂತಿಯಲ್ಲಿ ಮನೆಯೊಳಗೆ ಬರುತ್ತದೆ, ಕೆಲಸ ಮುಗಿಸಿ ನ್ಯೂಟ್ರಲ್ ತಂತಿಯಲ್ಲಿ ಹೊರಗೆ ಹೋಗುತ್ತದೆ. ಹಿಂದಿನ ಕಾಲದ ಕಬ್ಬಿಣದ ಮೇನ್ ಸ್ವಿಚ್ಚುಗಳಲ್ಲಿ ಎರಡಕ್ಕೂ ಒಂದೊಂದು ಫ್ಯೂಸ್ ಇರುತ್ತಿತ್ತು. ಇಲ್ಲಿ ನ್ಯೂಟ್ರಲ್ ಕಡೆಯ ಫ್ಯೂಸಿನ ಹಿತ್ತಾಳೆ ಸುಟ್ಟು ಕಪ್ಪಾಗಿ, ಸ್ಕ್ರೂ ಸಡಿಲವಾಗಿ, ಪಿಂಗಾಣಿ ಬಿರುಕು ಬಿಟ್ಟಿತ್ತು. ಹೊರಗೆ ಹೋಗುವ ದಾರಿ ಕಟ್ಟಿಕೊಂಡಿತ್ತು. ಆದರೆ ಆ ಕಾರಣಕ್ಕೆ ದೀಪ ಮಂಕಾಗಬೇಕೇ ಹೊರತು ಮಷಿನ್ನಿನ ತಗಡಿಗೆ ಕರೆಂಟ್ ಬರಬಾರದು. ಹಾಗಾಗಿ ಜಗಲಿಗೆ ಬಂದು ಮಷಿನ್ನಿನ ಪ್ಲಗ್ಗಿನ ತಟ್ಟೆ ಬಿಚ್ಚಿದೆ.

ಅಲ್ಲಿ ಅರ್ತ್ ಪಿನ್ನಿಗೆ ಮಣ್ಣಿನಿಂದ ಬಂದ ತಂತಿ ಇರಲಿಲ್ಲ. ಅರ್ತ್‌ನಿಂದ ನ್ಯೂಟ್ರಲಿಗೆ ಎರಡಿಂಚಿನ ಒಂದು ಕೆಂಪು ತಂತಿಯ ತುಂಡು ಸೇರಿಸಿತ್ತು, ಅಷ್ಟೆ. ತುದಿಯನ್ನು ಐದು ಸುತ್ತು ಸುತ್ತಿ ಒಳಕ್ಕೆ ಮಡಚಿತ್ತು. ಸುತ್ತು ಎಡಕ್ಕೆ ತಿರುಗಿತ್ತು. ನಾನು ಎಡಗೈಯವನು. ಮೇಸ್ತ್ರಿಯ ತಂಡದಲ್ಲಿ ಎಡಗೈಯವನು ನಾನೊಬ್ಬನೇ ಇದ್ದೆ.

ಆ ತುಂಡು ನಾನೇ ಹಾಕಿದ್ದು. ಹಳೆಯದೆಲ್ಲ ನೆನಪಾಯಿತು. ಅರ್ತ್ ಎಂದರೆ ಎಂಟು ಅಡಿ ಗುಂಡಿ ತೋಡಿ, ಕೊಳವೆ ಇಳಿಸಿ, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಮನೆಯ ಪ್ರತಿ ಪ್ಲಗ್ಗಿಗೆ ತಂತಿ ಎಳೆಯಬೇಕು. ತಗಡಿಗೆ ಸೋರಿದ ಕರೆಂಟ್ ಆ ದಾರಿಯಲ್ಲಿ ಮಣ್ಣಿಗೆ ಇಳಿಯುತ್ತದೆ. ಇಲ್ಲಿ ಎರಡು ಅಡಿ ಅಗೆಯುವಷ್ಟರಲ್ಲಿ ಮುರಕಲ್ಲಿನ ಪಾದೆ, ಎಂದರೆ ಕೆಂಪು ಕಲ್ಲಿನ ಬಂಡೆ, ಸಿಕ್ಕಿತ್ತು. ಮೇಸ್ತ್ರಿ ಕೊಳವೆಯನ್ನು ಎರಡೂಕಾಲು ಅಡಿಗೆ ಕತ್ತರಿಸಿ, ಮಣ್ಣು ಮುಚ್ಚಿ, ಮೇಲೆ ನಾಲ್ಕು ಇಂಚು ಕಾಣುವ ಹಾಗೆ ಬಿಟ್ಟಿದ್ದರು. ಪ್ಲಗ್ಗುಗಳಲ್ಲಿ ನ್ಯೂಟ್ರಲಿಗೇ ಒಂದು ತುಂಡು ಸೇರಿಸಲು ನನಗೆ ಹೇಳಿದ್ದರು. "ನ್ಯೂಟ್ರಲ್ ಕೊನೆಗೆ ಹೋಗಿ ಸೇರುವುದು ಮಣ್ಣಿಗೇ ಅಲ್ವಾ ಮಾರಾಯ? ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಅವರೇ ಗುಂಡಿ ತೋಡಿದ್ದಾರೆ. ನಾವು ಇನ್ನೊಂದು ತೋಡುವುದು ಎಂತಕ್ಕೆ?" ಬಿಲ್ಲಿನಲ್ಲಿ ಮಾತ್ರ ಪೂರಾ ಗುಂಡಿಯ ಲೆಕ್ಕ ಇತ್ತು. ಅದು ನನಗೆ ಆಗಲೂ ಗೊತ್ತಿತ್ತು.

ನ್ಯೂಟ್ರಲ್ ಗಟ್ಟಿಯಾಗಿ ಇರುವಷ್ಟು ದಿನ ಈ ಮೋಸ ತಿಳಿಯುವುದಿಲ್ಲ. ಅದು ಎಲ್ಲಿಯಾದರೂ ಕಡಿದರೆ, ಹಿಂದೆ ಹೋಗಲಾರದ ಕರೆಂಟ್ ಆ ತುಂಡುಗಳ ಮೂಲಕ ಮನೆಯ ಎಲ್ಲ ಯಂತ್ರಗಳ ತಗಡಿಗೆ ಏರುತ್ತದೆ. ಫ್ರಿಜ್ಜು, ಗ್ರೈಂಡರು, ಇಸ್ತ್ರಿಪೆಟ್ಟಿಗೆ, ಎಲ್ಲಕ್ಕೂ.

ನಾನು ತಟ್ಟೆಯನ್ನು ಮತ್ತೆ ಮುಚ್ಚಿ ಸ್ಕ್ರೂ ಬಿಗಿದೆ. ಮೇನಿಗೆ ಹೋಗಿ ಹಿತ್ತಾಳೆಯನ್ನು ಪಾಲಿಷ್ ಕಾಗದದಲ್ಲಿ ಉಜ್ಜಿ, ಸ್ಕ್ರೂ ಗಟ್ಟಿ ಮಾಡಿ, ಹೊಸ ಫ್ಯೂಸ್ ತಂತಿ ಹಾಕಿದೆ. ನ್ಯೂಟ್ರಲಿಗೆ ಫ್ಯೂಸೇ ಇರಬಾರದು, ದಪ್ಪ ತಾಮ್ರದ ತುಂಡು ಹಾಕಬೇಕು. ಚೀಲದಲ್ಲಿ ದಪ್ಪ ತಾಮ್ರ ಇರಲಿಲ್ಲ. ಮುಂದಿನ ಸಲ ತರುವ ಅಂದುಕೊಂಡೆ. ಪಂಪ್ ಹಾಕಿ ನೋಡಿದರೆ ದೀಪ ಅಲುಗಲಿಲ್ಲ. ಕೆಲಸದ ಹೆಂಗಸು ಹಿಂಜರಿಯುತ್ತ ಬೆರಳ ತುದಿಯಿಂದ ಮಷಿನ್ ಮುಟ್ಟಿದಳು. ಆಮೇಲೆ ಅಂಗೈ ಇಟ್ಟಳು. "ಹೋತ್ರಿ ಅಣ್ಣಾರ," ಎಂದು ನಕ್ಕಳು.

ಬಾಯಿಗೆ ನಾನು ಹೇಳಿದ್ದು ಇಷ್ಟು: ವೈರಿಂಗ್ ತುಂಬಾ ಹಳೆಯದಾಗಿದೆ, ಇಡೀ ಮನೆಯದ್ದು ಬದಲಾಯಿಸುವುದು ಒಳ್ಳೆಯದು.

"ಎಷ್ಟಾಗ್ತದೆ?"

"ಎಲ್ಲ ನೋಡಿ ಹೇಳ್ತೇನೆ."

ಎರಡು ದಿನ ಬಿಟ್ಟು ಎಸ್ಟಿಮೇಟಿಗೆ ಹೋದೆ. ಹೆಂಚಿನ ಭಾಗದ ಅಟ್ಟ ಹತ್ತಿ ಟಾರ್ಚ್ ಹಾಕಿದರೆ ಮರದ ಪಟ್ಟಿಯೊಳಗೆ ಮಾವನ ಅಪ್ಪನ ಕಾಲದ ತಂತಿ ಮಲಗಿತ್ತು. ತಾಮ್ರದ ಮೇಲೆ ರಬ್ಬರು, ಅದರ ಮೇಲೆ ನೂಲಿನ ಹೊದಿಕೆ. ಬೆರಳು ತಾಗಿಸಿದ ಕೂಡಲೇ ರಬ್ಬರು ಹುಡಿಯಾಗಿ ಉದುರಿತು. ಮೆಗ್ಗರ್ ಎಂಬ ಕೈಯಲ್ಲಿ ತಿರುಗಿಸುವ ಪೆಟ್ಟಿಗೆ ಇರುತ್ತದೆ. ತಂತಿಯ ಹೊದಿಕೆ ಎಷ್ಟು ಗಟ್ಟಿ ಇದೆ ಎಂದು ಅದು ತೋರಿಸುತ್ತದೆ. ಹಿಡಿಕೆ ತಿರುಗಿಸಿದಷ್ಟೂ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಕೆಳಗೆ ಪ್ರಾರ್ಥನೆಗೆ ದೇವರ ಪಟ ಇಟ್ಟ ಆಲ್ತಾರಿನ ನೇರಕ್ಕೆ, ಯೇಸುವಿನ ಪಟದ ಕೆಂಪು ಬಲ್ಬಿಗೆ ಕೊಟ್ಟ ಜೋಡಣೆಯ ಸುತ್ತ ಮರದ ಹಲಗೆ ಅಂಗೈಯಗಲ ಕಪ್ಪಾಗಿತ್ತು. ಅಲ್ಲಿ ಎಂದೋ ಬೆಂಕಿ ಹುಟ್ಟಿ ತಾನೇ ನಂದಿಹೋಗಿತ್ತು. ಆ ಹಲಗೆಯ ಕೆಳಗೆ ಮಕ್ಕಳ ಹಾಸಿಗೆ ಇತ್ತು.

ಬಾಯಿಯನ್ನು ಮೇಲೆ ಕರೆದು ಅದನ್ನು ತೋರಿಸಿದೆ. ಅವರು ಏಣಿಯ ಮೇಲೆ ನಿಂತೇ ಶಿಲುಬೆಯ ಗುರುತು ಮಾಡಿಕೊಂಡರು. ಆಲ್ತಾರಿನ ಬಲ್ಬನ್ನು ಆಗಲೇ ಕಡಿದು ತೆಗೆದೆ. ಎಪ್ಪತ್ತೆರಡು ಪಾಯಿಂಟು, ಹೊಸ ಮೇನ್ ಬೋರ್ಡು, ಎರಡು ಅರ್ತ್ ಗುಂಡಿ, ಗೀಸರಿಗೆ ಬೇರೆ ಲೈನು. ಎಲ್ಲ ಸೇರಿ ಅರುವತ್ತು ಸಾವಿರ ಎಂದೆ.

"ಅರುವತ್ತಾ? ಗೋಡೆ ಕೊರೆದದ್ದು, ಗಾರೆ, ಪೈಂಟು ಎಲ್ಲ ಸೇರಿಸಿದ್ರೆ ಲಕ್ಷ ಆಗ್ತದೆ ಮಾರಾಯ್ರೆ. ಇವರು ಡಿಸೆಂಬರಿಗೆ ಬರ್ತಾರೆ. ಕ್ರಿಸ್ಮಸ್ ಕಳೆದ ಮೇಲೆ ನೋಡುವ, ಆಗದಾ?"

ಆಗ ಒಂದು ಮಾತು ಹೇಳಬಹುದಿತ್ತು. ಪ್ಲಗ್ಗುಗಳಲ್ಲಿ ಒಂದು ತಪ್ಪು ಉಂಟು, ಅರ್ಧ ದಿನದ ಕೆಲಸ, ಅದನ್ನಾದರೂ ಈಗಲೇ ತೆಗೆಯುತ್ತೇನೆ ಎನ್ನಬಹುದಿತ್ತು. ಆ ತುಂಡು ತೆಗೆದರೆ ಅರ್ತ್ ಎಲ್ಲಿ ಎಂದು ಅವರು ಕೇಳುತ್ತಾರೆ. ಅರ್ತ್‌ಗೆ ನಮ್ಮ ಮಾವ ಹಣ ಕೊಟ್ಟಿದ್ದರಲ್ಲ ಎನ್ನುತ್ತಾರೆ. ಹಾಕಿದವರು ಯಾರು ಎಂಬಲ್ಲಿಗೆ ಅದು ಬರುತ್ತದೆ. ನಾನು "ಆಗಬಹುದು ಬಾಯಿ" ಎಂದು ಏಣಿ ಮಡಚಿದೆ. ದಪ್ಪ ತಾಮ್ರದ ತುಂಡು ಅಂದು ಕಿಸೆಯಲ್ಲೇ ಇತ್ತು. ಎಸ್ಟಿಮೇಟಿನ ಮಾತಿನಲ್ಲಿ ಅದನ್ನು ಹಾಕುವುದೂ ಮರೆತುಹೋಯಿತು. ಅಂಗಡಿಗೆ ಬಂದು ಕಿಸೆಗೆ ಕೈ ಹಾಕಿದಾಗ ಸಿಕ್ಕಿತು. ಮಳೆ ಹೊಯ್ಯುತ್ತಿತ್ತು. ಮರಳಿ ಹೋಗಲಿಲ್ಲ.

ಆಮೇಲಿನ ದಿನಗಳಲ್ಲಿ ಒಮ್ಮೆ ಬಾಯಿಗೆ ಫೋನ್ ಮಾಡಿ ಏನೂ ತೊಂದರೆ ಇಲ್ಲವಲ್ಲ ಎಂದು ಕೇಳಿದೆ. "ಎಂತದೂ ಇಲ್ಲ. ಅವಳೂ ಈಗ ಸುಮ್ಮನೆ ಕೆಲಸ ಮಾಡ್ತಾಳೆ," ಎಂದರು. ಫೋನ್ ಇಟ್ಟ ಮೇಲೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಎಸ್ಟಿಮೇಟ್ ಕೊಟ್ಟ ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅವರೇ ಫೋನ್ ಮಾಡಿದರು. "ನಮ್ಮಲ್ಲಿ ಕರೆಂಟ್ ಇಲ್ಲ. ಪಕ್ಕದ ಮನೆಯಲ್ಲಿ ಉಂಟು. ನೀವು ಬರಬೇಕು. ಇಲ್ಲಿ ಇನ್ನೊಂದು ಕಷ್ಟ ಆಗಿದೆ, ನಮ್ಮ ಕೆಲಸದವಳಿಗೆ ಫಿಟ್ಸ್ ಬಂದು ಬಿದ್ದಳು. ಮಣಿಪಾಲಕ್ಕೆ ಕರಕೊಂಡು ಹೋಗಿದ್ದಾರೆ."

ಬೈಕಿನಲ್ಲಿ ಶಿರ್ವಕ್ಕೆ ಹೊರಟೆ. ಏನಾಗಿದೆ ಎಂದು ಫೋನ್ ಇಡುವ ಮೊದಲೇ ತಿಳಿದಿತ್ತು.

ಬಾಯಿ ಜಗಲಿಯಲ್ಲೇ ನಿಂತಿದ್ದರು. ನೆಲದ ಮೇಲೆ ಒದ್ದೆ ಬಟ್ಟೆಗಳು ಚೆಲ್ಲಿದ್ದವು. ಬೀಗದಕೈಯ ಒಂದು ಗೊಂಚಲು ಅಲ್ಲೇ ಬಿದ್ದಿತ್ತು.

"ಕರೆಂಟ್ ಹೋಯ್ತು, ಮಷಿನ್ ನಿಂತಿತು. ಬಟ್ಟೆ ತೆಗೆದು ಕೈಯಲ್ಲೇ ಹಿಂಡುತ್ತೇನೆ ಅಂತ ಹೋದಳು. ಒಂದು ಕೂಗು ಕೇಳಿತು. ಬಂದು ನೋಡಿದ್ರೆ ಬಿದ್ದು ಕೈಕಾಲು ಅದುರುತ್ತಾ ಉಂಟು, ಬಾಯಿಯಲ್ಲಿ ನೊರೆ. ಕೈಗೆ ಕಬ್ಬಿಣ ಕೊಟ್ಟೆ. ಮುಖಕ್ಕೆ ನೀರು ಹಾಕಿದೆ. ಫಿಟ್ಸ್ ಇತ್ತು ಅಂತ ನಮಗೆ ಹೇಳಲೇ ಇಲ್ಲ ನೋಡಿ."

"ಮಷಿನ್ ಮುಟ್ಟಿದ್ದಳಾ?"

"ಮುಟ್ಟಿರಬಹುದು. ಆದರೆ ಕರೆಂಟೇ ಇರಲಿಲ್ಲ ಮಾರಾಯ್ರೆ. ಕರೆಂಟ್ ಇಲ್ಲದೆ ಶಾಕ್ ಹೇಗೆ ಹೊಡೀತದೆ?"

ಮೀಟರ್ ಹಿಡಿದೆ. ಒಂದು ದೀಪವೂ ಉರಿಯದ ಆ ಮನೆಯಲ್ಲಿ ಮಷಿನ್ನಿನ ತಗಡಿಗೂ ನೆಲಕ್ಕೂ ನಡುವೆ ಇನ್ನೂರ ಹದಿನೆಂಟು ವೋಲ್ಟ್ ಇತ್ತು. ನಾನು ಹಾಕಿದ ನ್ಯೂಟ್ರಲ್ ಫ್ಯೂಸ್ ತಂತಿ ಸುಟ್ಟು ಹೋಗಿತ್ತು. ಪಂಪಿನ ಸ್ವಿಚ್ ಇನ್ನೂ ಆನ್ ಇತ್ತು. ಫೇಸ್ ಪಂಪಿನ ಮೂಲಕ ಬಂದು, ಹೊರಗೆ ಹೋಗಲು ದಾರಿ ಇಲ್ಲದೆ, ನನ್ನ ಎರಡಿಂಚಿನ ತುಂಡುಗಳ ಮೂಲಕ ಮನೆಯ ಎಲ್ಲ ತಗಡಿನಲ್ಲೂ ನಿಂತಿತ್ತು. ಬಾಯಿ ಬಾಗಿಲಿನಾಚೆಯ ಫ್ರಿಜ್ಜಿಗೆ ಒರಗಿ ನಿಲ್ಲಲು ಹೊರಟದ್ದು ಕಂಡು ನಾನು ಕೂಗಿದೆ. ಆ ಕೂಗಿಗೆ ಅವರು ಬೆದರಿ ಹಿಂದೆ ಸರಿದರು. ಓಡಿ ಮೇನ್ ಆರಿಸಿ, ಎರಡೂ ಫ್ಯೂಸ್ ಕಿತ್ತು ಚೀಲಕ್ಕೆ ಹಾಕಿಕೊಂಡೆ.

"ಎಂತ ಆಯ್ತು? ಸರಿ ಮಾಡುವುದಿಲ್ಲವಾ?"

"ಇಲ್ಲ ಬಾಯಿ. ನಾನು ಬರುವ ತನಕ ಯಾರನ್ನೂ ಕರೆದು ಕರೆಂಟ್ ಹಾಕಿಸಬೇಡಿ. ದಯಮಾಡಿ. ಮಕ್ಕಳ ಮೇಲೆ ಆಣೆ." ಅಷ್ಟು ಹೇಳಿ ಹೊರಟೆ.

ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಉಡುಪಿಯಲ್ಲಿ ಮೇಸ್ತ್ರಿಯ ಆಫೀಸು ಸಿಗುತ್ತದೆ. ಅವರು ಆಗ ದೊಡ್ಡ ಕಂತ್ರಾಟುದಾರರು. ನನಗೆ ಸ್ವಂತ ಲೈಸೆನ್ಸು ಇರಲಿಲ್ಲ. ನಾನು ಮುಗಿಸಿದ ಪ್ರತಿ ಮನೆಯ ಕಾಗದಕ್ಕೂ ಅವರದೇ ಸಹಿ. ಹಾಗಾಗಿ ಮೊದಲು ಅಲ್ಲಿ ಇಳಿದೆ. ಧೈರ್ಯ ತುಂಬಿಕೊಳ್ಳಲು ಹೋದೆನೋ, ಬೇರೆ ದಾರಿ ತೋರಿಸಲಿ ಎಂದು ಹೋದೆನೋ, ಈಗ ಸರಿಯಾಗಿ ಹೇಳಲಾರೆ.

ಅವರು ಎಲ್ಲ ಕೇಳಿ, ಎದ್ದು ಬಾಗಿಲು ಹಾಕಿ ಬಂದರು.

"ಫಿಟ್ಸ್ ಅಂತ ಹೇಳಿದವರು ಯಾರು? ನೀನಾ?"

"ಅಲ್ಲ, ಬಾಯಿ."

"ಮತ್ತೆ ನಿನಗೆ ಎಂತ? ಅವರು ಫಿಟ್ಸ್ ಅಂದರೆ ಫಿಟ್ಸ್. ಹೋಗಿ ಮೆಲ್ಲ ಆ ತುಂಡೆಲ್ಲ ಕಿತ್ತು ಹಾಕಿ ಬಾ. ಮಾತಾಡಬೇಡ."

"ಅವಳಿಗೆ ಫಿಟ್ಸಿನ ಮದ್ದು ಕೊಡ್ತಾರೆ ಮೇಸ್ತ್ರಿ. ಫಿಟ್ಸ್ ಇದ್ದವಳನ್ನು ಇನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ತಾರೆ?"

ಅವರು ಸ್ವರ ತಗ್ಗಿಸಿದರು. "ನೀನು ನನ್ನ ಜತೆ ಇದ್ದ ನಾಲ್ಕೈದು ವರ್ಷದಲ್ಲಿ ನಾವು ಎಷ್ಟು ಮನೆ ಮಾಡಿದ್ದೇವೆ, ನೆನಪು ಉಂಟಾ? ನಲವತ್ತು. ಮುರಕಲ್ಲು ಸಿಕ್ಕಿದಲ್ಲೆಲ್ಲ ಹೀಗೇ ಮಾಡಿದ್ದು. ಒಂದು ಕಡೆ ಬಾಯಿ ಬಿಟ್ಟರೆ ನಲವತ್ತು ಮನೆಯವರು ಈ ಮೆಟ್ಟಿಲು ಹತ್ತುತ್ತಾರೆ. ನಿನ್ನದೂ ಕೈ ಉಂಟು ಮಾರಾಯ. ಆಲೋಚನೆ ಮಾಡು."

ಅಲ್ಲಿಯ ತನಕ ನನ್ನ ತಲೆಯಲ್ಲಿ ಇದ್ದದ್ದು ಒಂದು ಮನೆ. ಹೊರಗೆ ಬಂದು ಬೈಕನ್ನು ಮಣಿಪಾಲದ ಕಡೆ ತಿರುಗಿಸಿದೆ.

ಆಸ್ಪತ್ರೆಯಲ್ಲಿ ಅವಳು ಎಚ್ಚರವಿದ್ದಳು. ಬಲ ಮಣಿಕಟ್ಟು ಮುರಿದು ಹಲಗೆ ಕಟ್ಟಿದ್ದರು. ಎಡ ಅಂಗೈಯಲ್ಲಿ ಬಿಳಿ ಬಟ್ಟೆ. ಮಂಚದ ಪಕ್ಕ ನೆಲದಲ್ಲಿ ಗಂಡ ಕೂತಿದ್ದ. ಕೆಲಸದಿಂದ ನೇರ ಬಂದವನು, ಕಾಲಿನ ಕೆಂಪು ಮಣ್ಣು ಒಣಗಿತ್ತು. ಡಾಕ್ಟರ್ ಹರೆಯದ ಹೆಂಗಸು. ನಾನು ಯಾರೆಂದು ಹೇಳಿ, ಇದು ಫಿಟ್ಸ್ ಅಲ್ಲ, ಕರೆಂಟ್ ಹೊಡೆದದ್ದು ಎಂದೆ.

"ಅಂಗೈ ಸುಟ್ಟದ್ದು ನೋಡಿ ನನಗೂ ಅನುಮಾನ ಬಂದಿತ್ತು. ಆದರೆ ಮನೆಯಲ್ಲಿ ಕರೆಂಟೇ ಇರಲಿಲ್ಲ ಅಂತ ಕರೆತಂದವರು ಹೇಳಿದ್ರಲ್ಲ?"

ದೀಪ ಆರಿದ ಮನೆಯಲ್ಲಿ ಕರೆಂಟ್ ಹೇಗಿರುತ್ತದೆ ಎಂದು ಅವರ ಕಾಗದದ ಹಿಂದೆ ಗೀಟು ಎಳೆದು ತೋರಿಸಿದೆ. ಅವರು ಕೂಡಲೇ ನರ್ಸನ್ನು ಕರೆದು, ಹೃದಯದ ಬಡಿತ ಇಡೀ ದಿನ ನೋಡಬೇಕು, ಬರೆದ ಮದ್ದು ನಿಲ್ಲಿಸಿ ಎಂದರು. ಮಂಚದ ಮೇಲಿನಿಂದ ಅವಳು ಗಂಡನಿಗೆ ಹೇಳಿದಳು, "ಕೇಳಿದಿ? ನನಗ ಏನೂ ರೋಗ ಇಲ್ಲ. ನಾ ಹೇಳಿದ್ದು ಖರೇನ ಇತ್ತು."

ಗಂಡ ನನ್ನ ಕಡೆ ತಿರುಗಿದ. "ಮಷಿನ್‌ಗೆ ಕರೆಂಟ್ ಬರೂ ಹಂಗ ತಂತಿ ಹಾಕಿದವರು ಯಾರ್ರೀ?"

"ನಾನೇ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಹಗುರ ಆಗುತ್ತಿತ್ತು. ಅವನು ನನ್ನನ್ನು ಒಂದು ಗಳಿಗೆ ನೋಡಿ, ಮುಖ ತಿರುಗಿಸಿ ಡಾಕ್ಟರನ್ನು ಕೇಳಿದ: "ಆಕಿ ಕೈ ಮೊದಲಿನಂಗ ಆಕೈತೇನ್ರಿ?" ಡಾಕ್ಟರ್ ಈಗಲೇ ಹೇಳಲಿಕ್ಕೆ ಬರುವುದಿಲ್ಲ ಎಂದರು.

ಸಂಜೆ ಶಿರ್ವಕ್ಕೆ ಹೋಗಿ ಬಾಯಿಗೂ ಎಲ್ಲ ಹೇಳಿದೆ. ಗುಂಡಿಯ ವಿಷಯ, ಬಿಲ್ಲಿನ ವಿಷಯ, ಮೊದಲ ದಿನ ತಟ್ಟೆ ಬಿಚ್ಚಿ ನೋಡಿಯೂ ಮುಚ್ಚಿದ್ದು, ಕಿಸೆಯಲ್ಲಿ ಉಳಿದ ತಾಮ್ರ. ಮೇಣದ ಬತ್ತಿಯ ಬೆಳಕಿನಲ್ಲಿ ಅವರು ಕುರ್ಚಿಯ ಅಂಚಿನಲ್ಲಿ ಕೂತು ಕೇಳಿದರು. ಕುವೈಟಿನಿಂದ ಗಂಡನ ಫೋನ್ ಬಂತು, ಕೊಂಕಣಿಯಲ್ಲಿ ಬಹಳ ಹೊತ್ತು ಮಾತಾಡಿದರು. ಫೋನ್ ಇಟ್ಟು ಬಂದು ಹೇಳಿದರು:

"ಪೊಲೀಸ್ ಕಂಪ್ಲೇಂಟ್ ಕೊಡು ಅಂತಾರೆ."

"ಕೊಡಿ ಬಾಯಿ. ನಾನು ಎಲ್ಲಿಗೂ ಹೋಗುವುದಿಲ್ಲ."

ಅವರು ಬತ್ತಿಯಿಂದ ಇಳಿದ ಮೇಣವನ್ನು ಉಗುರಿನಿಂದ ಕೆರೆದರು. "ಹದಿನೈದು ದಿನ ಹೇಳಿದಳು ಅವಳು. ನಾನು ನಾಟಕ ಅಂದೆ. ಚಪ್ಪಲಿ ಹಾಕಿಕೊಂಡು ಮುಟ್ಟಿ ತೋರಿಸಿದೆ, ನೋಡು ನನಗೆ ಏನೂ ಆಗುವುದಿಲ್ಲ ಅಂತ. ಕಂಪ್ಲೇಂಟಿನಲ್ಲಿ ಅದನ್ನೂ ಬರೀಬೇಕಲ್ವಾ?" ಆಮೇಲೆ ಕೇಳಿದರು, "ಸಾಮಾನಿನ ಹಣ ನಾನು ಕೊಡ್ತೇನೆ. ಕೆಲಸ ನಾಳೆಯಿಂದ ಶುರು ಮಾಡ್ತೀರಾ?"

ಕಂಪ್ಲೇಂಟ್ ಆಗಲಿಲ್ಲ. ಕೂಲಿ ನಾನು ತೆಗೆದುಕೊಳ್ಳಲಿಲ್ಲ. ಇಪ್ಪತ್ತನಾಲ್ಕು ದಿನ ಹಿಡಿಯಿತು. ಕೈಕೆಳಗೆ ಜನ ಇಟ್ಟರೆ ಕೂಲಿ ಕೊಡಬೇಕು, ಆದುದರಿಂದ ಅಟ್ಟದ ಕೆಲಸವೂ ಗೋಡೆ ಕೊರೆಯುವ ಕೆಲಸವೂ ನಾನೇ ಮಾಡಿದೆ. ಮರದ ಪಟ್ಟಿಗಳನ್ನು ಇಳಿಸಿ ರಾಶಿ ಹಾಕಿದಾಗ ಹನ್ನೆರಡು ಕಡೆ ಸುಟ್ಟ ಕಲೆ ಎಣಿಸಿದೆ. ಹೆಂಚಿನ ಭಾಗದ ಮಣ್ಣಿನ ಗೋಡೆ ಉಳಿ ಇಟ್ಟಲ್ಲೆಲ್ಲ ಗೇಣುದ್ದ ಕಳಚಿ ಬೀಳುತ್ತಿತ್ತು. ಕೊನೆಗೆ ಅಲ್ಲಿ ಕೊರೆಯುವುದು ಬಿಟ್ಟು ಪೈಪನ್ನು ಹೊರಗಿಂದಲೇ ಎಳೆದೆ. ಪ್ಲಗ್ಗಿನ ತಟ್ಟೆಗಳನ್ನು ಒಂದೊಂದಾಗಿ ಬಿಚ್ಚುವಾಗ ಬಾಯಿ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಹದಿನಾಲ್ಕು ತುಂಡು ಸಿಕ್ಕಿದವು. ಒಂದನ್ನೂ ಅವರು ಮುಟ್ಟಲಿಲ್ಲ.

ಅರ್ತ್ ಗುಂಡಿಗೆ ಆಳು ಬೇಕಾಗಿತ್ತು. ಆ ಮಳೆಯಲ್ಲಿ ಮುರಕಲ್ಲು ಅಗೆಯಲು ಯಾರೂ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಕೆಲಸದವಳ ಗಂಡ ಹಾರೆ ಹೊತ್ತು ಬಂದ. ಅವಳು ಆಸ್ಪತ್ರೆಯಿಂದ ಬಿಡಾರಕ್ಕೆ ಬಂದಿದ್ದಳು.

"ನಾ ಅಗೀತೀನಿ. ಎಲ್ಲಿ, ಎಷ್ಟ ಆಳ, ತೋರಸ್ರಿ."

ಹಳೆಯ ಕೊಳವೆ ಇದ್ದಲ್ಲೇ ತೋರಿಸಿದೆ. ಅವನು ಮೇಲಿನ ನಾಲ್ಕು ಇಂಚು ಹಿಡಿದು ಎಳೆದದ್ದಷ್ಟೆ, ಕೆಸುವಿನ ಗಡ್ಡೆ ಕಿತ್ತ ಹಾಗೆ ಇಡೀ ಕೊಳವೆ ಕೈಗೆ ಬಂತು. ಅದನ್ನು ತಿರುಗಿಸಿ ನೋಡಿ ಬದಿಗೆ ಇಟ್ಟು ಅಗೆಯಲು ತೊಡಗಿದ. ಎರಡು ಅಡಿಗೆ ಪಾದೆ ಸಿಕ್ಕಿತು. ಹಾರೆಯ ಪೆಟ್ಟಿಗೆ ಕಿಡಿ ಹಾರುತ್ತಿತ್ತು. ಮಳೆ ಬಂದರೆ ಗುಂಡಿಯಲ್ಲಿ ನೀರು ತುಂಬುತ್ತಿತ್ತು. ನಾನು ಬಾಲ್ದಿಯಲ್ಲಿ ನೀರು ಮೊಗೆದೆ, ಕಲ್ಲು ಹೊತ್ತೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವನ ತಲೆ ನೆಲದ ಮಟ್ಟಕ್ಕಿಂತ ಕೆಳಗಿತ್ತು. ಅಲ್ಲಿಂದಲೇ ಕೇಳಿದ:

"ಆವಾಗ ಇದನ್ನ ಅಗಸಿದ್ರ ಎಷ್ಟ ಖರ್ಚ ಬರತಿತ್ರಿ?"

"ಇಬ್ಬರ ಎರಡು ದಿನದ ಕೂಲಿ. ಎರಡು ಚೀಲ ಇದ್ದಿಲು, ಒಂದು ಚೀಲ ಉಪ್ಪು."

"ಅಷ್ಟ?"

"ಅಷ್ಟೆ."

ಅವನು ಹಾರೆ ಎತ್ತಿದ. ಎರಡನೆಯ ಗುಂಡಿಯನ್ನೂ ಅವನೇ ತೋಡಿದ. ಬಾಯಿ ಕೊಟ್ಟ ಕೂಲಿ ಎಣಿಸದೆ ಕಿಸೆಗೆ ಹಾಕಿಕೊಂಡ. ಹೆಂಡತಿಗೆಂದು ಅವರು ಕೊಟ್ಟ ಆರು ತಿಂಗಳ ಸಂಬಳವನ್ನೂ ತೆಗೆದುಕೊಂಡ. ನನ್ನಿಂದ ಮಾತ್ರ ಒಂದು ಕಪ್ ಚಾ ಸಹ ಕುಡಿಯಲಿಲ್ಲ.

ಹೊಸ ಬೋರ್ಡಿನಲ್ಲಿ ಸೋರಿಕೆ ಕಂಡೊಡನೆ ಇಡೀ ಮನೆಯ ಕರೆಂಟ್ ಕಡಿಯುವ ಸ್ವಿಚ್ಚು ಇಟ್ಟೆ. ಕಾಗದಕ್ಕೆ ಮೇಸ್ತ್ರಿ ಸಹಿ ಹಾಕಲಿಲ್ಲ. ಕಾರ್ಕಳದ ಇನ್ನೊಬ್ಬ ಲೈಸೆನ್ಸಿನವರು ಬಂದು ಪ್ರತಿ ಪಾಯಿಂಟನ್ನೂ ತಾವೇ ಪರೀಕ್ಷೆ ಮಾಡಿ ಸಹಿ ಹಾಕಿದರು. ಆ ವರ್ಷ ನನಗೆ ಬೇರೆ ಯಾವ ಹೊಸ ಮನೆಯೂ ಸಿಗಲಿಲ್ಲ. ಮೇಸ್ತ್ರಿಯ ಮಾತು ಕಾಪುವಿನಿಂದ ಸಂತೆಕಟ್ಟೆಯ ತನಕ ನಡೆಯುತ್ತಿತ್ತು. ಪಂಪು, ಫ್ಯಾನು ರಿಪೇರಿ ಮಾಡುತ್ತಾ ಪರೀಕ್ಷೆಗೆ ಓದಿ, ಎರಡು ವರ್ಷದ ಮೇಲೆ ನನ್ನದೇ ಲೈಸೆನ್ಸು ಮಾಡಿಕೊಂಡೆ.

ಕೆಲಸದ ಹೆಂಗಸು ಆ ಮನೆಗೆ ಮತ್ತೆ ಬರಲಿಲ್ಲ. ಒಮ್ಮೆ ಕಾಪು ಬಸ್ ನಿಲ್ದಾಣದಲ್ಲಿ ಕಂಡಳು. ಎಡಗೈಯ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಟಿಕೆಟಿನ ಚಿಲ್ಲರೆಯನ್ನು ಬಲಗೈಯಲ್ಲೇ ಹಿಡಿದು ಬಲಗೈಯಲ್ಲೇ ಎಣಿಸುತ್ತಿದ್ದಳು. ನನ್ನನ್ನು ನೋಡಿ ತಲೆ ಆಡಿಸಿದಳು. ಬಸ್ ಬಂತು, ಹತ್ತಿ ಹೋದಳು.

ಉಳಿದದ್ದು ಆ ನಲವತ್ತು ಮನೆ. ಮೇಸ್ತ್ರಿ ಹಳೆಯ ಪುಸ್ತಕ ಕೊಡಲಿಲ್ಲ, ಎಲ್ಲ ಸುಟ್ಟು ಹಾಕಿದ್ದೇನೆ ಎಂದರು. ನೆನಪಿನಿಂದಲೇ ಬರೆದೆ, ಮೂವತ್ತೊಂದು ಆಯಿತು. ಭಾನುವಾರ ಒಂದೊಂದೇ ಮನೆಗೆ ಹೋದೆ. ಕೆಲವರು ಒಳಗೆ ಬಿಟ್ಟರು. ಇಬ್ಬರು ಬೈದರು. ಸಂತೆಕಟ್ಟೆಯ ಒಂದು ಮನೆಯವರ ಪ್ರಕಾರ ಇದು ನನ್ನ ವ್ಯಾಪಾರ ಹೆಚ್ಚಿಸುವ ಉಪಾಯ, ಗೇಟಿನಿಂದಲೇ ಕಳುಹಿಸಿದರು. ಐದು ಮನೆ ಆಗಲೇ ಕೆಡವಿ ಹೊಸದು ಕಟ್ಟಿದ್ದರು, ಅವನ್ನು ಪಟ್ಟಿಯಿಂದ ಹೊಡೆದು ಹಾಕಿದೆ. ಹದಿನೇಳು ಮನೆಯಲ್ಲಿ ತುಂಡು ಕಿತ್ತು ಗುಂಡಿ ತೋಡಿಸಿದ್ದೇನೆ.

ಪಟ್ಟಿಗೆ ಬಾರದ ಒಂಬತ್ತರಲ್ಲಿ ಒಂದು ಕಾರ್ಕಳದ ಕಡೆಯದ್ದು. ಮೇಸ್ತ್ರಿಯ ಜೀಪಿನ ಹಿಂದೆ ಸಾಮಾನಿನ ನಡುವೆ ಕೂತು ಹೋಗಿದ್ದೆ, ದಾರಿ ನೋಡಿರಲಿಲ್ಲ. ಸಾರಣೆ ಆಗದ ಗೋಡೆ, ಒಳಗೆ ಬಾಣಂತಿ. ನಾನು ಫ್ಯಾನಿನ ಕೊಕ್ಕೆ ಬಿಗಿಯುವಾಗ ಪಕ್ಕದ ಕೊಕ್ಕೆಯಲ್ಲಿ ಸೀರೆಯ ತೊಟ್ಟಿಲು ತೂಗುತ್ತಿತ್ತು. ಮಗುವಿಗೆ ಧೂಳು ಬೀಳದ ಹಾಗೆ ಆ ತಾಯಿ ಸೆರಗು ಹಿಡಿದು ನಿಂತಿದ್ದರು. ಇಷ್ಟು ನೆನಪಿದೆ. ಊರಿನ ಹೆಸರು ನೆನಪಿಲ್ಲ.

ಆ ರಸ್ತೆಗಳಲ್ಲಿ ಮೂರು ಸಲ ತಿರುಗಿದ್ದೇನೆ. ಮೂರನೆಯ ಸಲ ಒಂದು ಸಣ್ಣ ಅಂಗಡಿಯಲ್ಲಿ ಸೋಡಾ ಕುಡಿದು ವಿಚಾರಿಸಿದೆ. ಅಂಗಡಿಯವರು ನಕ್ಕರು. "ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಎಂತಕ್ಕೆ ಹುಡುಕುವುದು ಮಾರಾಯ್ರೆ?"

ಎಂತಕ್ಕೆ ಎಂದು ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ನಗು ನಿಂತಿತು. ಸೋಡಾ ತೆಗೆದ ಫ್ರಿಜ್ಜಿನ ಹಿಡಿಯ ಮೇಲೆ ಅವರ ಕೈ ಇನ್ನೂ ಇತ್ತು. ಅದನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡರು. ಒಳಗೆ ತಿರುಗಿ, ಯಾರೂ ಏನೂ ಮುಟ್ಟಬೇಡಿ ಎಂದು ತುಳುವಿನಲ್ಲಿ ಹೆಂಡತಿಗೆ ಕೂಗಿ ಹೇಳಿದರು. ಆಮೇಲೆ ನನಗೆ ಹೇಳಿದರು, "ನಮ್ಮದೂ ಆ ಕಾಲದಲ್ಲೇ ಕಟ್ಟಿದ ಮನೆ. ವೈರಿಂಗ್ ಯಾರು ಮಾಡಿದ್ದು ಅಂತ ನನಗೆ ಗೊತ್ತಿಲ್ಲ. ಅಪ್ಪ ಮಾಡಿಸಿದ್ದು. ಒಮ್ಮೆ ನೋಡಿ."

ಬೈಕಿನಿಂದ ಚೀಲ ಬಿಚ್ಚಿಕೊಂಡು ಅವರ ಹಿಂದೆ ಹೋದೆ.